ದೊಡ್ಡ ಗಾತ್ರದ ಕಂಪ್ಯೂಟರ್ ಫ್ಯಾನ್

ದೊಡ್ಡ ಗಾತ್ರದ ಕಂಪ್ಯೂಟರ್ ಫ್ಯಾನ್ ಎಂಬುದು ಮನೆಬಳಕೆಯ ಗಣಕಯಂತ್ರದ ಕ್ಯಾಬಿನೆಟ್ಟಿಗೆ ತಂಪುಗಾಳಿಯನ್ನು ಎಳೆದುಕೊಳ್ಳಲು ಅಥವಾ ಅದರೊಳಗಿನ ಬಿಸಿಗಾಳಿಯನ್ನು ಹೊರಹಾಕಲು ಬಳಸುವ, ವಾಡಿಕೆಯ ಅಳತೆಗಿಂತ ಅಗಲವಾದ ಫ್ಯಾನ್ ಆಗಿದೆ. ಮೇಜಿನ ಮೇಲಿಡುವ ಗಣಕಯಂತ್ರಗಳಲ್ಲಿ 120 ಮಿ.ಮೀ. ಮತ್ತು 140 ಮಿ.ಮೀ. ಚೌಕಟ್ಟಿನ ಫ್ಯಾನ್‌ಗಳು ಇಂದು ಸಾಮಾನ್ಯವಾಗಿವೆ. 180 ಮಿ.ಮೀ.ನಿಂದ 250 ಮಿ.ಮೀ.ವರೆಗಿನವುಗಳನ್ನು ದೊಡ್ಡ ಗಾತ್ರದವೆಂದು ಪರಿಗಣಿಸಲಾಗುತ್ತದೆ. ಊಟದ ತಟ್ಟೆಯಷ್ಟು ಅಗಲದ ಈ ಫ್ಯಾನ್‌ಗಳು ನೋಡುವವರಿಗೆ ಅತಿರೇಕವೆನಿಸುತ್ತವೆ. ಗಣಕಯಂತ್ರದ ಹವ್ಯಾಸಿಗಳ ನಡುವೆ ಹಾಸ್ಯದ ವಸ್ತುವೂ ಆಗಿವೆ. ಆದರೆ ಅದೇ ಪ್ರಮಾಣದ ಗಾಳಿಯನ್ನು ಸಾಗಿಸಲು ಚಿಕ್ಕ ಫ್ಯಾನ್ ಬಹಳ ವೇಗವಾಗಿ ತಿರುಗಬೇಕಾಗುತ್ತದೆ, ದೊಡ್ಡದು ನಿಧಾನವಾಗಿ ತಿರುಗಿದರೆ ಸಾಕು. ಸದ್ದು ಮುಖ್ಯವಾಗಿ ವೇಗವನ್ನು ಅವಲಂಬಿಸಿರುವುದರಿಂದ, ದೊಡ್ಡ ಫ್ಯಾನ್ ಬಹುತೇಕ ಸಂದರ್ಭಗಳಲ್ಲಿ ಹೆಚ್ಚು ಶಾಂತವಾದುದು. ಅದರ ನಿಜವಾದ ಮಿತಿಗಳು ಎರಡು: ಅಡೆತಡೆಗಳ ಮೂಲಕ ಗಾಳಿಯನ್ನು ತಳ್ಳುವ ಒತ್ತಡ ಕಡಿಮೆ ಇರುವುದು, ಮತ್ತು ಅಳವಡಿಕೆಗೆ ಏಕರೂಪದ ಮಾನಕವಿಲ್ಲದಿರುವುದು.

ಹಿನ್ನೆಲೆ

ಮೊದಲ ತಲೆಮಾರಿನ ಮನೆಗಣಕಗಳಲ್ಲಿ ಫ್ಯಾನ್ ಇರಲೇಬೇಕೆಂಬ ನಿಯಮವಿರಲಿಲ್ಲ. 1977ರ ಆಪಲ್ 2 ಗಣಕಯಂತ್ರವು ಫ್ಯಾನ್ ಇಲ್ಲದೆಯೇ ಕೆಲಸ ಮಾಡುತ್ತಿತ್ತು. ರಾಡ್ ಹೋಲ್ಟ್ ವಿನ್ಯಾಸಗೊಳಿಸಿದ ಸ್ವಿಚಿಂಗ್ ಮಾದರಿಯ ವಿದ್ಯುತ್ ಪೂರೈಕೆ ಘಟಕವು ಹೆಚ್ಚು ಬಿಸಿಯಾಗುತ್ತಿರಲಿಲ್ಲವಾದ್ದರಿಂದ ಇದು ಸಾಧ್ಯವಾಯಿತು. ಆದರೆ 1980ರಲ್ಲಿ ಬಂದ ಆಪಲ್ 3 ಈ ಹಾದಿಯ ಅಪಾಯವನ್ನು ತೋರಿಸಿತು. ಫ್ಯಾನಿನ ಸದ್ದನ್ನು ಇಷ್ಟಪಡದ ಸ್ಟೀವ್ ಜಾಬ್ಸ್ ಅವರ ಒತ್ತಾಯದಿಂದ ಅದರಲ್ಲಿಯೂ ಫ್ಯಾನ್ ಇಡಲಿಲ್ಲವೆಂದು ಹೇಳಲಾಗುತ್ತದೆ. ಯಂತ್ರದ ಒಳಗಿನ ಚಿಪ್‌ಗಳು ತಮ್ಮ ಸಾಕೆಟ್ಟುಗಳಲ್ಲಿ ಸಡಿಲಗೊಂಡು ಯಂತ್ರ ಕೆಡುತ್ತಿತ್ತು. ಯಂತ್ರವನ್ನು ಎರಡು-ಮೂರು ಅಂಗುಲ ಎತ್ತಿ ಮೇಜಿನ ಮೇಲೆ ಬೀಳಿಸಿದರೆ ಚಿಪ್‌ಗಳು ಮತ್ತೆ ಸರಿಯಾಗಿ ಕೂರುತ್ತವೆ ಎಂಬುದು ಆಗ ಗ್ರಾಹಕರಿಗೆ ಸಿಕ್ಕ ಸಲಹೆಗಳಲ್ಲೊಂದು. ದೋಷಕ್ಕೆ ಬಿಸಿಯೇ ಕಾರಣವೆಂಬ ವಾದವನ್ನು ಕವಚದ ವಿನ್ಯಾಸಕಾರ ಜೆರಿ ಮ್ಯಾನೊಕ್ ಒಪ್ಪಿಲ್ಲ. ಆದರೂ ಫ್ಯಾನ್ ಬೇಡವೆಂದು ಹಟ ಹಿಡಿದುದರ ಉದಾಹರಣೆಯಾಗಿ ಆಪಲ್ 3 ಉಳಿದುಕೊಂಡಿದೆ.

1990ರ ದಶಕದಲ್ಲಿ ಸಂಸ್ಕಾರಕಗಳ ವಿದ್ಯುತ್ ಬಳಕೆ ಏರುತ್ತ ಹೋದಂತೆ ಫ್ಯಾನ್ ಅನಿವಾರ್ಯವಾಯಿತು. 1993ರಲ್ಲಿ ಬಂದ ಇಂಟೆಲ್ ಪೆಂಟಿಯಮ್ ಹದಿನೈದು ವಾಟ್‌ಗಳ ಆಸುಪಾಸಿನಲ್ಲಿತ್ತು. 2004ರಲ್ಲಿ ಬಂದ, ಪ್ರೆಸ್ಕಾಟ್ ಎಂಬ ಸಂಕೇತನಾಮದ ಪೆಂಟಿಯಮ್ 4ರ ಕೆಲವು ಮಾದರಿಗಳಿಗೆ 115 ವಾಟ್ ಉಷ್ಣವನ್ನು ಹೊರಹಾಕುವ ವ್ಯವಸ್ಥೆ ಬೇಕಾಗಿತ್ತು. ಅದರ ಹೆಸರನ್ನೇ ತಿರುಚಿ ಬಳಕೆದಾರರು ‘ಪ್ರೆಸ್‌ಹಾಟ್’ ಎಂದು ಕರೆದರು. ಗ್ರಾಫಿಕ್ಸ್ ಕಾರ್ಡುಗಳು ಇದನ್ನೂ ಹಿಂದಿಕ್ಕಿದವು: 2022ರ ಆರ್‌ಟಿಎಕ್ಸ್ 4090 ಒಂದೇ 450 ವಾಟ್ ಬಳಸಬಲ್ಲದು. ಗಣಕಯಂತ್ರ ಬಳಸುವ ವಿದ್ಯುತ್ತು ಬಹುತೇಕ ಪೂರ್ತಿಯಾಗಿ ಉಷ್ಣವಾಗಿ ಮಾರ್ಪಡುವುದರಿಂದ, ಇಷ್ಟೂ ಬಿಸಿ ಕ್ಯಾಬಿನೆಟ್ಟಿನಿಂದ ಹೊರಬೀಳಬೇಕು. ಹೊರಬೀಳದಿದ್ದರೆ ಸಂಸ್ಕಾರಕವು ತನ್ನ ರಕ್ಷಣೆಗಾಗಿ ತಾನೇ ವೇಗವನ್ನು ಇಳಿಸಿಕೊಳ್ಳುತ್ತದೆ, ಅಥವಾ ಯಂತ್ರ ಇದ್ದಕ್ಕಿದ್ದಂತೆ ಸ್ಥಗಿತಗೊಳ್ಳುತ್ತದೆ.

ಆರಂಭದ ಕ್ಯಾಬಿನೆಟ್ಟುಗಳಲ್ಲಿ ಸಾಮಾನ್ಯವಾಗಿ 80 ಮಿ.ಮೀ. ಫ್ಯಾನ್‌ಗಳಿದ್ದವು. ಬಿಸಿ ಹೆಚ್ಚಾದಾಗ ಮೊದಲು ಹೊಳೆದ ಪರಿಹಾರ ಅವುಗಳನ್ನೇ ಇನ್ನಷ್ಟು ವೇಗವಾಗಿ ತಿರುಗಿಸುವುದು. 2000ದ ಆಸುಪಾಸಿನಲ್ಲಿ ಸಂಸ್ಕಾರಕವನ್ನು ನಿಗದಿತ ವೇಗಕ್ಕಿಂತ ಹೆಚ್ಚು ಓಡಿಸುವ ಹವ್ಯಾಸಿಗಳು ನಿಮಿಷಕ್ಕೆ ಸುಮಾರು 7000 ಸುತ್ತು ತಿರುಗುವ 60 ಮಿ.ಮೀ. ಫ್ಯಾನ್‌ಗಳನ್ನು ಹೀಟ್ ಸಿಂಕ್‌ಗಳ ಮೇಲೆ ಕೂರಿಸುತ್ತಿದ್ದರು. ಅಂಥ ಯಂತ್ರವಿರುವ ಕೋಣೆಯಲ್ಲಿ ಮಲಗುವುದು ಕಷ್ಟವಾಗಿತ್ತು. ಫ್ಯಾನನ್ನು ಅಗಲಗೊಳಿಸಿ ವೇಗ ತಗ್ಗಿಸುವ ವಿಚಾರ ಹವ್ಯಾಸಿಗಳಲ್ಲಿಯೂ ತಯಾರಕರಲ್ಲಿಯೂ ಬಲಗೊಂಡದ್ದು ಈ ಸದ್ದಿನಿಂದ ಬೇಸತ್ತ ಮೇಲೆ.

ಗಾತ್ರ, ವೇಗ ಮತ್ತು ಸದ್ದು

ಒಂದೇ ಆಕಾರದ, ಬೇರೆ ಬೇರೆ ಗಾತ್ರದ ಫ್ಯಾನ್‌ಗಳನ್ನು ಹೋಲಿಸಲು ಎಂಜಿನಿಯರಿಂಗ್‌ನಲ್ಲಿ ‘ಫ್ಯಾನ್ ನಿಯಮಗಳು’ ಬಳಕೆಯಲ್ಲಿವೆ. ಅವುಗಳ ಪ್ರಕಾರ ಸಾಗುವ ಗಾಳಿಯ ಪ್ರಮಾಣವು ವೇಗಕ್ಕೆ ನೇರ ಅನುಪಾತದಲ್ಲಿಯೂ ವ್ಯಾಸದ ಘನಕ್ಕೆ ಅನುಪಾತದಲ್ಲಿಯೂ ಇರುತ್ತದೆ. ಒತ್ತಡವು ವೇಗದ ವರ್ಗ ಮತ್ತು ವ್ಯಾಸದ ವರ್ಗಗಳ ಗುಣಲಬ್ಧಕ್ಕೆ ಅನುಪಾತದಲ್ಲಿರುತ್ತದೆ. ಬೇಕಾಗುವ ಶಕ್ತಿಯು ವೇಗದ ಘನ ಮತ್ತು ವ್ಯಾಸದ ಐದನೆಯ ಘಾತಗಳ ಗುಣಲಬ್ಧವನ್ನು ಅನುಸರಿಸುತ್ತದೆ.

ಇದನ್ನು ಒಂದು ಲೆಕ್ಕದಿಂದ ತಿಳಿಯಬಹುದು. 80 ಮಿ.ಮೀ. ಫ್ಯಾನ್ ನಿಮಿಷಕ್ಕೆ 2000 ಸುತ್ತು ತಿರುಗಿ ಸಾಗಿಸುವಷ್ಟೇ ಗಾಳಿಯನ್ನು, ಅದೇ ಆಕಾರದ 120 ಮಿ.ಮೀ. ಫ್ಯಾನ್ ಸಾಗಿಸಬೇಕೆಂದಿಟ್ಟುಕೊಳ್ಳೋಣ. ವ್ಯಾಸವು ಒಂದೂವರೆ ಪಟ್ಟು ಹೆಚ್ಚಿರುವುದರಿಂದ ಒಂದು ಸುತ್ತಿಗೆ ಸಾಗುವ ಗಾಳಿ 3.375 ಪಟ್ಟು ಹೆಚ್ಚುತ್ತದೆ. ಆದ್ದರಿಂದ ಸುಮಾರು 590 ಸುತ್ತು ಸಾಕು. ಶಕ್ತಿಯ ಬಳಕೆ ಐದನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಸದ್ದಿನ ಅಂದಾಜಿಗೆ ಎಂಜಿನಿಯರುಗಳು ಬಳಸುವ ಸೂತ್ರವನ್ನು ಅನ್ವಯಿಸಿದರೆ ಸುಮಾರು 14 ಡೆಸಿಬೆಲ್ ಇಳಿಕೆ ಕಾಣುತ್ತದೆ. ಹತ್ತು ಡೆಸಿಬೆಲ್ ಇಳಿದರೆ ಸದ್ದು ಅರ್ಧವಾದಂತೆ ಮನುಷ್ಯನ ಕಿವಿಗೆ ಅನಿಸುತ್ತದೆ ಎಂಬುದನ್ನು ಗಮನಿಸಿದರೆ ಇದು ದೊಡ್ಡ ವ್ಯತ್ಯಾಸ.

ಸದ್ದಿನ ಪ್ರಮಾಣವಷ್ಟೇ ಅಲ್ಲ, ಅದರ ಸ್ವರೂಪವೂ ಬದಲಾಗುತ್ತದೆ. ಏಳು ರೆಕ್ಕೆಗಳ ಫ್ಯಾನ್ ನಿಮಿಷಕ್ಕೆ 7000 ಸುತ್ತು ತಿರುಗಿದಾಗ, ಒಂದು ಬಿಂದುವನ್ನು ರೆಕ್ಕೆಗಳು ಸೆಕೆಂಡಿಗೆ 800ಕ್ಕೂ ಹೆಚ್ಚು ಬಾರಿ ದಾಟುತ್ತವೆ. ಇದು ಕಿವಿಯನ್ನು ಚುಚ್ಚುವ ಸ್ವರ. ಅಷ್ಟೇ ರೆಕ್ಕೆಗಳ ಫ್ಯಾನ್ 800 ಸುತ್ತಿನಲ್ಲಿ ತಿರುಗಿದಾಗ ಈ ಸಂಖ್ಯೆ 93ಕ್ಕೆ ಇಳಿಯುತ್ತದೆ. ಅಂಥ ಕೆಳಸ್ವರಗಳಿಗೆ ಮನುಷ್ಯನ ಕಿವಿ ಅಷ್ಟು ಸೂಕ್ಷ್ಮವಲ್ಲ. ಹೀಗಾಗಿ ದೊಡ್ಡ ಫ್ಯಾನಿನ ಸದ್ದು ‘ಗುಂಯ್’ ಎಂಬ ಹಿನ್ನೆಲೆಯಾಗಿ ಮರೆತುಹೋಗುತ್ತದೆ, ಚಿಕ್ಕದರ ಕಿರುಚಾಟ ಮರೆಯಲು ಬಿಡುವುದಿಲ್ಲ.

ನಿಯಮಗಳು ಹೇಳುವಷ್ಟು ಲಾಭ ಮಾರುಕಟ್ಟೆಯ ಫ್ಯಾನ್‌ಗಳಲ್ಲಿ ಪೂರ್ತಿಯಾಗಿ ಸಿಗುವುದಿಲ್ಲ. ಆಸ್ಟ್ರಿಯಾದ ನಾಕ್ಟುವಾ ಕಂಪನಿಯ ಎರಡು ಫ್ಯಾನ್‌ಗಳ ಘೋಷಿತ ಅಂಕಿಗಳು ಇದಕ್ಕೆ ಒಳ್ಳೆಯ ಉದಾಹರಣೆ. ಎನ್‌ಎಫ್-ಎ12×25 ಎಂಬ 120 ಮಿ.ಮೀ. ಫ್ಯಾನ್ ನಿಮಿಷಕ್ಕೆ 2000 ಸುತ್ತಿನಲ್ಲಿ ಗಂಟೆಗೆ ಸುಮಾರು 102 ಘನ ಮೀಟರ್ ಗಾಳಿಯನ್ನು 22.6 ಡೆಸಿಬೆಲ್ ಸದ್ದಿನೊಂದಿಗೆ ಸಾಗಿಸುತ್ತದೆ. ಎನ್‌ಎಫ್-ಎ20 ಎಂಬ 200 ಮಿ.ಮೀ. ಫ್ಯಾನ್ ಕೇವಲ 800 ಸುತ್ತಿನಲ್ಲಿ ಸುಮಾರು 147 ಘನ ಮೀಟರ್ ಗಾಳಿಯನ್ನು 18.1 ಡೆಸಿಬೆಲ್‌ನಲ್ಲಿ ಸಾಗಿಸುತ್ತದೆ. ಅಂದರೆ ಗಾಳಿ 44 ಪ್ರತಿಶತ ಹೆಚ್ಚು, ಸದ್ದು ನಾಲ್ಕೂವರೆ ಡೆಸಿಬೆಲ್ ಕಡಿಮೆ. ಆದರೆ ಫ್ಯಾನ್ ನಿಯಮದ ಪ್ರಕಾರ ಗಾಳಿ 85 ಪ್ರತಿಶತ ಹೆಚ್ಚಬೇಕಿತ್ತು. ಈ ಕೊರತೆಗೆ ಒಂದು ಮುಖ್ಯ ಕಾರಣ ದಪ್ಪ. ವ್ಯಾಸಕ್ಕೆ ತಕ್ಕಂತೆ ದಪ್ಪವೂ ಹೆಚ್ಚಿದ್ದರೆ 25 ಮಿ.ಮೀ. ದಪ್ಪದ ಫ್ಯಾನ್ ಸುಮಾರು 42 ಮಿ.ಮೀ. ಆಗಬೇಕಿತ್ತು, ವಾಸ್ತವದಲ್ಲಿ ಎನ್‌ಎಫ್-ಎ20ರ ದಪ್ಪ 30 ಮಿ.ಮೀ. ಮಾತ್ರ. ಕ್ಯಾಬಿನೆಟ್ಟಿನಲ್ಲಿ ಜಾಗ ಉಳಿಸಲು ದೊಡ್ಡ ಫ್ಯಾನ್‌ಗಳನ್ನು ಅಗಲವಾಗಿಸಿದರೂ ದಪ್ಪವಾಗಿಸುವುದು ಅಪರೂಪ.

ಒತ್ತಡದ ಕೊರತೆ

ಮೇಲಿನ 80 ಮತ್ತು 120 ಮಿ.ಮೀ. ಫ್ಯಾನ್‌ಗಳ ಲೆಕ್ಕದಲ್ಲಿ ಶಕ್ತಿಯ ಜೊತೆಗೆ ಒತ್ತಡವೂ ಐದನೆಯ ಒಂದು ಭಾಗಕ್ಕೆ ಇಳಿಯುತ್ತದೆ. ದೊಡ್ಡ ಫ್ಯಾನಿನ ದೌರ್ಬಲ್ಯ ಇಲ್ಲಿದೆ. ನಾಕ್ಟುವಾದ ಅದೇ ಎರಡು ಫ್ಯಾನ್‌ಗಳಲ್ಲಿ ಚಿಕ್ಕದು ನೀರಿನ ಕಂಬದ 2.34 ಮಿ.ಮೀ. ಒತ್ತಡವನ್ನು ಕೊಡಬಲ್ಲದು, ದೊಡ್ಡದು 1.08 ಮಿ.ಮೀ. ಮಾತ್ರ. ತಯಾರಕರು ಪ್ರಕಟಿಸುವ ಗಾಳಿಯ ಪ್ರಮಾಣವು ಎದುರಿಗೆ ಯಾವ ಅಡ್ಡಿಯೂ ಇಲ್ಲದಾಗ ಅಳೆದದ್ದು. ಧೂಳಿನ ಜಾಲರಿ, ತೂತುಗಳು ಕಡಿಮೆಯಿರುವ ಮುಂಭಾಗದ ಫಲಕ, ಹಾರ್ಡ್ ಡಿಸ್ಕುಗಳ ಸಾಲು, ನೀರಿನಿಂದ ತಂಪುಗೊಳಿಸುವ ವ್ಯವಸ್ಥೆಯ ರೇಡಿಯೇಟರ್ ಇವೆಲ್ಲ ಗಾಳಿಗೆ ತಡೆಯೊಡ್ಡುತ್ತವೆ. ತಡೆ ಹೆಚ್ಚಿದಷ್ಟೂ ಕಡಿಮೆ ಒತ್ತಡದ ಫ್ಯಾನ್ ಬೇಗ ಸೋಲುತ್ತದೆ. ದಟ್ಟವಾದ ರೇಡಿಯೇಟರಿನ ಮೇಲೆ ಈಗಲೂ 120 ಅಥವಾ 140 ಮಿ.ಮೀ. ಫ್ಯಾನ್‌ಗಳನ್ನೇ ಸಾಲಾಗಿ ಜೋಡಿಸಲು ಇದೊಂದು ಕಾರಣ.

ಇದಕ್ಕೆ ವಿರುದ್ಧ ತುದಿಯಲ್ಲಿರುವುದು ದತ್ತಾಂಶ ಕೇಂದ್ರಗಳ ಸರ್ವರ್. ರ‍್ಯಾಕಿನ ಒಂದು ಘಟಕದ ಎತ್ತರ 44.45 ಮಿ.ಮೀ. ಆಗಿರುವುದರಿಂದ ಅದರಲ್ಲಿ 40 ಮಿ.ಮೀ.ಗಿಂತ ದೊಡ್ಡ ಫ್ಯಾನ್ ನಿಲ್ಲಿಸಲಾಗದು. ಇಕ್ಕಟ್ಟಾದ ಉದ್ದನೆಯ ಪೆಟ್ಟಿಗೆಯ ಮೂಲಕ ಗಾಳಿಯನ್ನು ನೂಕಲು ಅವು ನಿಮಿಷಕ್ಕೆ ಹತ್ತು ಸಾವಿರಕ್ಕೂ ಹೆಚ್ಚು ಸುತ್ತು ತಿರುಗುತ್ತವೆ. ಅಲ್ಲಿ ಕಿವಿಗೊಡುವವರು ಯಾರೂ ಇರುವುದಿಲ್ಲ. ಹಳೆಯ ಸರ್ವರನ್ನು ಅಗ್ಗವಾಗಿ ಕೊಂಡು ಮನೆಗೆ ತಂದವರು ಮಾತ್ರ ಅದನ್ನು ಚಾಲೂ ಮಾಡಿದ ಮೊದಲ ನಿಮಿಷದಲ್ಲಿಯೇ ಈ ವ್ಯತ್ಯಾಸವನ್ನು ಅರಿಯುತ್ತಾರೆ.

ಪ್ರಮುಖ ಮಾದರಿಗಳು

2006ರಲ್ಲಿ ಆಂಟೆಕ್ ಕಂಪನಿಯ ನೈನ್ ಹಂಡ್ರೆಡ್ ಎಂಬ ಕ್ಯಾಬಿನೆಟ್ಟು ಮೇಲ್ಭಾಗದಲ್ಲಿ 200 ಮಿ.ಮೀ. ಫ್ಯಾನ್ ಹೊತ್ತು ಬಂದಿತು. ಆ ಫ್ಯಾನಿಗೆ ಕಂಪನಿಯೇ ‘ಬಿಗ್ ಬಾಯ್’ ಎಂಬ ಹೆಸರಿಟ್ಟಿತ್ತು. 2008ರಲ್ಲಿ ಕೂಲರ್ ಮಾಸ್ಟರ್ ಹೊರತಂದ ಎಚ್‌ಎಎಫ್ 932ರಲ್ಲಿ ಮುಂದೆ, ಮೇಲೆ ಮತ್ತು ಪಕ್ಕದಲ್ಲಿ ಒಂದೊಂದರಂತೆ ಮೂರು 230 ಮಿ.ಮೀ. ಫ್ಯಾನ್‌ಗಳಿದ್ದವು. ಅದೇ ವರ್ಷ ಬಂದ ಆಂಟೆಕ್ ಸ್ಕೆಲಿಟನ್ ಎಂಬುದು ಗೋಡೆಗಳೇ ಇಲ್ಲದ ತೆರೆದ ಚೌಕಟ್ಟು, ಅದರ ನೆತ್ತಿಯ ಮೇಲೆ 250 ಮಿ.ಮೀ. ಫ್ಯಾನ್. ಛತ್ರಿಯಡಿ ಕುಳಿತಂತೆ ಕಾಣುತ್ತಿದ್ದ ಈ ಯಂತ್ರ ಧೂಳಿನ ಊರುಗಳಿಗೆ ಹೇಳಿಮಾಡಿಸಿದ್ದಂತೂ ಅಲ್ಲ.

ಸಿಲ್ವರ್‌ಸ್ಟೋನ್ ಕಂಪನಿಯು ಬೇರೆ ದಾರಿ ಹಿಡಿಯಿತು. 2010ರ ಎಫ್‌ಟಿ02 ಕ್ಯಾಬಿನೆಟ್ಟಿನಲ್ಲಿ ಮದರ್‌ಬೋರ್ಡನ್ನು 90 ಡಿಗ್ರಿ ತಿರುಗಿಸಿ, ತಳದಲ್ಲಿ ಮೂರು 180 ಮಿ.ಮೀ. ಫ್ಯಾನ್‌ಗಳನ್ನು ಇರಿಸಲಾಗಿತ್ತು. ಗಾಳಿ ಕೆಳಗಿನಿಂದ ಮೇಲಕ್ಕೆ ನೇರವಾಗಿ ಸಾಗುತ್ತದೆ. ಬಿಸಿಗಾಳಿ ತಾನಾಗಿ ಮೇಲೇರುವುದರಿಂದ ಇದಕ್ಕೆ ಸಿಗುವ ನೆರವು ಫ್ಯಾನಿನ ಬಲದ ಮುಂದೆ ಅಲ್ಪ. ವಿನ್ಯಾಸದ ನಿಜವಾದ ಗುಣ ಗಾಳಿಯ ದಾರಿಯಲ್ಲಿ ತಿರುವುಗಳಿಲ್ಲದಿರುವುದು.

2021ರಲ್ಲಿ ಸ್ವೀಡನ್ನಿನ ಫ್ರಾಕ್ಟಲ್ ಡಿಸೈನ್ ಹೊರತಂದ ಟೊರೆಂಟ್ ಕ್ಯಾಬಿನೆಟ್ಟಿನ ಮುಂಭಾಗದಲ್ಲಿ 180 ಮಿ.ಮೀ. ಅಗಲದ ಎರಡು ಫ್ಯಾನ್‌ಗಳಿವೆ, ಅವುಗಳ ದಪ್ಪ 38 ಮಿ.ಮೀ. ಈ ಅಂಕಿ ಗಮನಾರ್ಹ: 120ರ ಒಂದೂವರೆ ಪಟ್ಟು 180, 25ರ ಒಂದೂವರೆ ಪಟ್ಟು 37.5. ಅಂದರೆ ವಾಡಿಕೆಯ ಫ್ಯಾನನ್ನು ಎಲ್ಲ ದಿಕ್ಕಿನಲ್ಲಿಯೂ ಸಮನಾಗಿ ಹಿಗ್ಗಿಸಿದಂತಾಯಿತು. ಅಗಲದ ಜೊತೆ ದಪ್ಪಕ್ಕೂ ಜಾಗ ಕೊಟ್ಟ ಕೆಲವೇ ವಿನ್ಯಾಸಗಳಲ್ಲಿ ಇದು ಒಂದು.

ಒಂದೇ ದೊಡ್ಡ ಫ್ಯಾನಿನ ಮೇಲೆ ಪೂರ್ತಿ ಯಂತ್ರವನ್ನು ನಿಲ್ಲಿಸುವ ಪ್ರಯೋಗವನ್ನು ಆಪಲ್ 2013ರ ಮ್ಯಾಕ್ ಪ್ರೊದಲ್ಲಿ ಮಾಡಿತು. ಕೊಳವೆಯಾಕಾರದ ಆ ಯಂತ್ರದ ನಡುವೆ ತ್ರಿಕೋನಾಕಾರದ ಲೋಹದ ಹೀಟ್ ಸಿಂಕ್, ಅದರ ಮೂರು ಬದಿಗಳಿಗೆ ಸಂಸ್ಕಾರಕ ಮತ್ತು ಎರಡು ಗ್ರಾಫಿಕ್ಸ್ ಘಟಕಗಳು, ಮೇಲೆ ಒಂದು ಫ್ಯಾನ್. ಯಂತ್ರ ಅತ್ಯಂತ ಶಾಂತವಾಗಿತ್ತು. ಆದರೆ ಮೂರು ಬದಿಗಳಿಗೂ ಬಿಸಿ ಸಮನಾಗಿ ಹಂಚಿಹೋಗಬೇಕೆಂಬ ಕಲ್ಪನೆಯ ಮೇಲೆ ಅದು ನಿಂತಿತ್ತು. ಮುಂದೆ ಒಂದೇ ಗ್ರಾಫಿಕ್ಸ್ ಘಟಕ ಹೆಚ್ಚು ಬಿಸಿ ಉಗುಳುವ ಕಾಲ ಬಂದಾಗ ವಿನ್ಯಾಸಕ್ಕೆ ಬಾಗಲು ಜಾಗವಿರಲಿಲ್ಲ. ಉಷ್ಣದ ವಿಷಯದಲ್ಲಿ ತಮ್ಮನ್ನು ತಾವೇ ಮೂಲೆಗೆ ತಳ್ಳಿಕೊಂಡೆವೆಂದು ಕಂಪನಿಯ ಕ್ರೇಗ್ ಫೆಡೆರಿಘಿ 2017ರಲ್ಲಿ ಒಪ್ಪಿಕೊಂಡರು.

ಆಟದ ಕನ್ಸೋಲ್‌ಗಳಲ್ಲಿ ಇದೇ ಉಪಾಯ ಹೆಚ್ಚು ಯಶಸ್ವಿಯಾಯಿತು. 2020ರ ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್‌ನ ನೆತ್ತಿಯಲ್ಲಿ 130 ಮಿ.ಮೀ. ಫ್ಯಾನ್ ಒಂದೇ ಇದೆ. ಅದೇ ವರ್ಷದ ಪ್ಲೇಸ್ಟೇಷನ್ 5ರಲ್ಲಿ 120 ಮಿ.ಮೀ. ವ್ಯಾಸದ, 45 ಮಿ.ಮೀ. ದಪ್ಪದ, ಎರಡೂ ಬದಿಗಳಿಂದ ಗಾಳಿ ಎಳೆಯುವ ಫ್ಯಾನ್ ಇದೆ.

ಹಾಸ್ಯ

ಫ್ಯಾನ್‌ಗಳ ಕುರಿತ ನಗೆಮಾತುಗಳಲ್ಲಿ ಎರಡು ಬಗೆ. ಒಂದು ಸದ್ದನ್ನು ಕುರಿತದ್ದು, ಅದಕ್ಕೆ ಗುರಿಯಾದವು ಬಹುಪಾಲು ಚಿಕ್ಕ ಫ್ಯಾನ್‌ಗಳು. ಇನ್ನೊಂದು ಗಾತ್ರವನ್ನು ಕುರಿತದ್ದು.

ಮೊದಲ ಬಗೆಯಲ್ಲಿ ಅತಿ ಪ್ರಸಿದ್ಧವಾದುದು ಎನ್‌ವಿಡಿಯಾದ ಜಿಫೋರ್ಸ್ ಎಫ್‌ಎಕ್ಸ್ 5800 ಅಲ್ಟ್ರಾ ಎಂಬ ಗ್ರಾಫಿಕ್ಸ್ ಕಾರ್ಡು. 2003ರಲ್ಲಿ ಮಾರುಕಟ್ಟೆಗೆ ಬಂದ ಇದರ ಫ್ಯಾನಿನ ಸದ್ದನ್ನು ವಿಮರ್ಶಕರು ಕೈಯಲ್ಲಿ ಹಿಡಿಯುವ ವ್ಯಾಕ್ಯೂಮ್ ಕ್ಲೀನರ್‌ಗೆ ಹೋಲಿಸಿದರು. ಕಂಪನಿ ಇದನ್ನು ಅಲ್ಲಗಳೆಯಲು ಹೋಗದೆ, ತನ್ನ ಕಾರ್ಡನ್ನೇ ಗೇಲಿ ಮಾಡುವ ವಿಡಿಯೊ ಒಂದನ್ನು ತಯಾರಿಸಿತು. ಅಂಗಳದ ತರಗೆಲೆಗಳನ್ನು ಗಾಳಿಯಿಂದ ಗುಡಿಸುವ ಯಂತ್ರವಾಗಿ ಅದರಲ್ಲಿ ಕಾರ್ಡು ಕಾಣಿಸಿಕೊಂಡಿತು. ಅದೇ ವರ್ಷ ಬಂದ ಎಫ್‌ಎಕ್ಸ್ 5900ರಲ್ಲಿ ಫ್ಯಾನಿನ ವ್ಯವಸ್ಥೆಯನ್ನು ಬದಲಾಯಿಸಲಾಯಿತು. 2002ರ ಆಪಲ್ ಪವರ್ ಮ್ಯಾಕ್ ಜಿ4ರ ಒಂದು ಮಾದರಿಗೂ ಬಳಕೆದಾರರು ‘ವಿಂಡ್ ಟನಲ್’ ಎಂಬ ಅಡ್ಡಹೆಸರಿಟ್ಟಿದ್ದರು. ಮರುವರ್ಷದ ಪವರ್ ಮ್ಯಾಕ್ ಜಿ5ರಲ್ಲಿ ಒಂಬತ್ತು ಫ್ಯಾನ್‌ಗಳಿದ್ದರೂ ಸದ್ದು ತಗ್ಗಿತು. ಒಳಭಾಗವನ್ನು ನಾಲ್ಕು ವಲಯಗಳಾಗಿ ವಿಂಗಡಿಸಿ, ಪ್ರತಿಯೊಂದರ ಫ್ಯಾನನ್ನೂ ಅಗತ್ಯಕ್ಕೆ ತಕ್ಕಷ್ಟೇ ತಿರುಗಿಸಿದ್ದು ಅದಕ್ಕೆ ಕಾರಣ.

ಗಾತ್ರದ ಹಾಸ್ಯಕ್ಕೆ ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್ ಒಳ್ಳೆಯ ನಿದರ್ಶನ. ಅದರ ಚೌಕಾಕಾರದ ಎತ್ತರದ ದೇಹವನ್ನು ಜನರು ರೆಫ್ರಿಜರೇಟರಿಗೆ ಹೋಲಿಸಿ ನಕ್ಕಾಗ, ಮೈಕ್ರೋಸಾಫ್ಟ್ ಅದೇ ಆಕಾರದ ನಿಜವಾದ ರೆಫ್ರಿಜರೇಟರನ್ನು ಪ್ರಚಾರಕ್ಕಾಗಿ ಮಾಡಿಸಿತು. ಮಾರಾಟ ಆರಂಭವಾದ ದಿನಗಳಲ್ಲಿ ಮೇಲ್ಮುಖವಾಗಿ ಹೊರಬರುವ ಗಾಳಿಯ ಮೇಲೆ ಪಿಂಗ್‌ಪಾಂಗ್ ಚೆಂಡು ತೇಲುವ ವಿಡಿಯೊಗಳು ಹರಿದಾಡಿದವು. ಯಂತ್ರದಿಂದ ಹೊಗೆ ಏಳುತ್ತಿದೆಯೆಂದು ತೋರಿಸಲು ಕೆಲವರು ಇ-ಸಿಗರೇಟಿನ ಹೊಗೆಯನ್ನು ಅದರೊಳಗೆ ಊದಿದರು. ಹಾಗೆ ಮಾಡಬೇಡಿರೆಂದು ಕಂಪನಿಯೇ ಬಹಿರಂಗವಾಗಿ ವಿನಂತಿಸಬೇಕಾಯಿತು. ಚೆಂಡಿನ ಆಟದಲ್ಲಿ ಮಾತ್ರ ಒಂದು ತಿಳಿವಳಿಕೆಯೂ ಇತ್ತು: ಅಷ್ಟು ಗಾಳಿ ಹೊರಬರುತ್ತಿದ್ದರೂ ಯಂತ್ರದ ಸದ್ದು ಕೇಳುತ್ತಿರಲಿಲ್ಲ.

ನಾಕ್ಟುವಾ ಫ್ಯಾನ್‌ಗಳ ಕಂದು ಮತ್ತು ತಿಳಿಗಂದು ಬಣ್ಣವೂ ಹವ್ಯಾಸಿಗಳ ನಡುವೆ ನಿತ್ಯದ ವಿನೋದ. ಬಣ್ಣದ ದೀಪಗಳ ಫ್ಯಾನ್‌ಗಳ ನಡುವೆ ಅವು ಬೇಗನೆ ಗುರುತು ಸಿಗುತ್ತವೆ, ಕಂಪನಿಯೂ ಈ ಬಣ್ಣವನ್ನು ಬಿಟ್ಟುಕೊಟ್ಟಿಲ್ಲ.

ಟೇಬಲ್ ಫ್ಯಾನ್ ಉಪಾಯ

ಕ್ಯಾಬಿನೆಟ್ಟಿನ ಪಕ್ಕದ ಫಲಕವನ್ನು ಬಿಚ್ಚಿ ಎದುರಿಗೆ ಮನೆಯ ಟೇಬಲ್ ಫ್ಯಾನ್ ಇಡುವುದು ದೊಡ್ಡ ಫ್ಯಾನಿನ ಅತ್ಯಂತ ಸರಳ ರೂಪ. ಭಾರತದಲ್ಲಿ ಸಾಮಾನ್ಯವಾದ 400 ಮಿ.ಮೀ. ಟೇಬಲ್ ಫ್ಯಾನ್ ಯಾವುದೇ ಕ್ಯಾಬಿನೆಟ್ ಫ್ಯಾನಿಗಿಂತ ಹೆಚ್ಚು ಗಾಳಿ ಬೀಸುತ್ತದೆ. ಇದು ಬರೀ ನಗೆಪಾಟಲಿನ ಸಂಗತಿಯಲ್ಲ, ದೋಷ ಪತ್ತೆಗೂ ಉಪಯುಕ್ತ. ಫಲಕ ಬಿಚ್ಚಿ ಗಾಳಿ ಬಿಟ್ಟಾಗ ಪದೇಪದೇ ನಿಲ್ಲುತ್ತಿದ್ದ ಯಂತ್ರ ಸರಿಯಾಗಿ ನಡೆದರೆ, ದೋಷ ಬಿಸಿಗೆ ಸಂಬಂಧಿಸಿದ್ದೆಂದು ತಿಳಿಯುತ್ತದೆ.

ಶಾಶ್ವತ ಪರಿಹಾರವಾಗಿ ಇದು ಯೋಗ್ಯವಲ್ಲ. ಟೇಬಲ್ ಫ್ಯಾನ್ ಸುಮಾರು 50 ವಾಟ್ ವಿದ್ಯುತ್ ಬಳಸುತ್ತದೆ, 200 ಮಿ.ಮೀ. ಕಂಪ್ಯೂಟರ್ ಫ್ಯಾನಿಗೆ ಒಂದು ವಾಟ್‌ನಷ್ಟು ಸಾಕಾಗಬಹುದು. ಜಾಲರಿಯಿಲ್ಲದೆ ನುಗ್ಗುವ ಗಾಳಿ ಧೂಳನ್ನು ನೇರವಾಗಿ ಹೀಟ್ ಸಿಂಕಿನ ತಗಡುಗಳ ನಡುವೆ ತುಂಬುತ್ತದೆ. ತೆರೆದ ಯಂತ್ರದೊಳಗೆ ಮಕ್ಕಳ ಬೆರಳು, ಹಲ್ಲಿ, ಜಿರಳೆಗಳಿಗೂ ತಡೆಯಿರುವುದಿಲ್ಲ.

ಎಷ್ಟು ಗಾಳಿ ಬೇಕೆಂಬುದನ್ನು ಅಂದಾಜಿಸಬಹುದು. 500 ವಾಟ್ ಉಷ್ಣವನ್ನು ಹೊರಹಾಕುವಾಗ ಒಳಹೋಗುವ ಮತ್ತು ಹೊರಬರುವ ಗಾಳಿಯ ನಡುವೆ 10 ಡಿಗ್ರಿ ಸೆಲ್ಸಿಯಸ್ ವ್ಯತ್ಯಾಸ ಮಾತ್ರ ಇರಬೇಕಾದರೆ, ಗಂಟೆಗೆ ಸುಮಾರು 150 ಘನ ಮೀಟರ್ ಗಾಳಿ ಸಾಗಬೇಕು. ಅಡ್ಡಿಯಿಲ್ಲದಾಗ ಒಂದೇ ಒಂದು 200 ಮಿ.ಮೀ. ಫ್ಯಾನ್ ಸಾಗಿಸುವ ಪ್ರಮಾಣ ಹೆಚ್ಚುಕಡಿಮೆ ಇಷ್ಟೇ. ಆದರೆ ಯಾವ ಗಾತ್ರದ ಫ್ಯಾನೂ ಒಳಭಾಗವನ್ನು ಕೋಣೆಗಿಂತ ತಂಪಾಗಿಸಲಾರದು. ಏಪ್ರಿಲ್-ಮೇ ತಿಂಗಳುಗಳಲ್ಲಿ ಕಲಬುರಗಿ, ರಾಯಚೂರುಗಳಂಥ ಊರುಗಳಲ್ಲಿ ಹೊರಗಿನ ಉಷ್ಣಾಂಶ 40 ಡಿಗ್ರಿ ದಾಟುತ್ತದೆ. ಕೋಣೆಯೇ 38 ಡಿಗ್ರಿಯಲ್ಲಿದ್ದರೆ ಮೇಲಿನ ಲೆಕ್ಕದ ಯಂತ್ರ 48 ಡಿಗ್ರಿಯ ಗಾಳಿಯನ್ನು ಉಗುಳುತ್ತದೆ, ಆ ಬಿಸಿಯೂ ಅದೇ ಕೋಣೆಗೆ ಸೇರುತ್ತದೆ. ಕಿಟಕಿ ತೆರೆಯುವುದು ಅಥವಾ ಕೋಣೆಯ ಗಾಳಿಯನ್ನು ಹೊರಹಾಕುವುದು ಆಗ ಇನ್ನೊಂದು ಫ್ಯಾನ್ ಕೊಳ್ಳುವುದಕ್ಕಿಂತ ಫಲಕಾರಿ.

ಅಳವಡಿಕೆ ಮತ್ತು ನಿರ್ವಹಣೆ

ಚಿಕ್ಕ ಫ್ಯಾನ್‌ಗಳ ಸ್ಕ್ರೂ ತೂತುಗಳ ಅಂತರ ಎಲ್ಲೆಡೆ ಒಂದೇ: 80 ಮಿ.ಮೀ. ಫ್ಯಾನಿಗೆ 71.5 ಮಿ.ಮೀ., 120ಕ್ಕೆ 105 ಮಿ.ಮೀ., 140ಕ್ಕೆ ಸಾಮಾನ್ಯವಾಗಿ 124.5 ಮಿ.ಮೀ. ಆದರೆ 200 ಮಿ.ಮೀ. ಮತ್ತು ಅದಕ್ಕಿಂತ ದೊಡ್ಡವುಗಳಲ್ಲಿ ಇಂಥ ಒಪ್ಪಂದ ಬೆಳೆದಿಲ್ಲ. ಒಬ್ಬ ತಯಾರಕರ ಕ್ಯಾಬಿನೆಟ್ಟಿಗೆ ಇನ್ನೊಬ್ಬರ ಫ್ಯಾನ್ ಕೂರದಿರುವುದು ಸಾಮಾನ್ಯ. ಐದಾರು ವರ್ಷಗಳ ನಂತರ ಫ್ಯಾನ್ ಕೆಟ್ಟು, ಆ ಮಾದರಿಯ ತಯಾರಿಕೆಯೂ ನಿಂತಿದ್ದರೆ ಬದಲಿ ಸಿಗುವುದಿಲ್ಲ. ಕೊಳ್ಳುವವರು ಗಾಳಿಯ ಅಂಕಿಗಳಿಗಿಂತ ಮೊದಲು ನೋಡಬೇಕಾದದ್ದು ಇದನ್ನೇ. 200 ಮಿ.ಮೀ. ಜಾಗದಲ್ಲಿ 120 ಅಥವಾ 140 ಮಿ.ಮೀ. ಫ್ಯಾನ್‌ಗಳನ್ನು ಕೂರಿಸುವ ತೂತುಗಳೂ ಇರುವ ಕ್ಯಾಬಿನೆಟ್ಟು ಈ ತೊಂದರೆಯಿಂದ ಪಾರುಮಾಡುತ್ತದೆ.

ದೊಡ್ಡ ಫ್ಯಾನಿನ ತಿರುಗುವ ಭಾಗ ಭಾರವಾದುದು. ಅಗ್ಗದ ಸ್ಲೀವ್ ಬೇರಿಂಗ್ ಇರುವ ಫ್ಯಾನನ್ನು ಕ್ಯಾಬಿನೆಟ್ಟಿನ ಮೇಲ್ಭಾಗದಲ್ಲಿ ಅಡ್ಡಲಾಗಿ ಮಲಗಿಸಿದಾಗ ಅದು ಬೇಗ ಸವೆದು ಕಟಕಟ ಸದ್ದು ಮಾಡತೊಡಗುತ್ತದೆ.

ಕಂಪ್ಯೂಟರ್ ಫ್ಯಾನ್‌ಗಳು ಸಾಮಾನ್ಯವಾಗಿ 12 ವೋಲ್ಟ್ ನೇರ ವಿದ್ಯುತ್ತಿನಿಂದ ನಡೆಯುತ್ತವೆ. ಮೂರು ತಂತಿಯ ಫ್ಯಾನಿನ ಮೂರನೆಯ ತಂತಿ ವೇಗದ ಮಾಹಿತಿಯನ್ನು ಮದರ್‌ಬೋರ್ಡಿಗೆ ತಿಳಿಸುತ್ತದೆ. ನಾಲ್ಕು ತಂತಿಯವುಗಳಲ್ಲಿ ನಾಲ್ಕನೆಯದು ವೇಗವನ್ನು ನಿಯಂತ್ರಿಸುವ ಸಂಕೇತವನ್ನು ಒಯ್ಯುತ್ತದೆ. ಈ ಸಂಕೇತದ ಆವರ್ತನ 25 ಕಿಲೋಹರ್ಟ್ಸ್ ಆಗಿರುವುದರಿಂದ ಅದು ಕಿವಿಗೆ ಕೇಳುವುದಿಲ್ಲ. ಮದರ್‌ಬೋರ್ಡಿನ ಫ್ಯಾನ್ ಸಂಪರ್ಕಗಳು ಬಹುಪಾಲು ಒಂದು ಆಂಪಿಯರ್‌ವರೆಗೆ ಮಾತ್ರ ವಿದ್ಯುತ್ ಕೊಡಬಲ್ಲವು. ಮನೆಬಳಕೆಯ ದೊಡ್ಡ ಫ್ಯಾನ್‌ಗಳು ಈ ಮಿತಿಯೊಳಗೇ ಇರುತ್ತವೆ. ಕೈಗಾರಿಕಾ ಬಳಕೆಯ ಬಲವಾದ ಫ್ಯಾನನ್ನು ತಂದು ಅಲ್ಲಿಗೆ ಜೋಡಿಸಿದರೆ ಮದರ್‌ಬೋರ್ಡೇ ಸುಡಬಹುದು. ಅದಕ್ಕೆ ಎಸ್‌ಎಂಪಿಎಸ್‌ನಿಂದ ನೇರ ಸಂಪರ್ಕ ಬೇಕು.

ಧೂಳು ತೆಗೆಯುವಾಗ ರೆಕ್ಕೆಗಳನ್ನು ಬೆರಳಿನಿಂದ ಹಿಡಿದುಕೊಂಡು ಬ್ಲೋವರ್ ಬಳಸಬೇಕು. ಗಾಳಿಯ ಹೊಡೆತಕ್ಕೆ ಫ್ಯಾನ್ ಮಿತಿಮೀರಿದ ವೇಗದಲ್ಲಿ ತಿರುಗಿದರೆ ಬೇರಿಂಗ್ ಹಾಳಾಗುತ್ತದೆ, ಮೋಟಾರು ತಾನೇ ವಿದ್ಯುತ್ ಉತ್ಪಾದಿಸಿ ಮದರ್‌ಬೋರ್ಡಿನತ್ತ ಹರಿಸುವ ಸಾಧ್ಯತೆಯೂ ಇದೆ. ಜಾಲರಿಯಲ್ಲಿ ಧೂಳು ಕಟ್ಟಿಕೊಂಡಾಗ ಕಡಿಮೆ ಒತ್ತಡದ ದೊಡ್ಡ ಫ್ಯಾನ್ ಚಿಕ್ಕದಕ್ಕಿಂತ ಬೇಗ ನಿಷ್ಪ್ರಯೋಜಕವಾಗುವುದರಿಂದ, ಅದರ ಜಾಲರಿಯನ್ನು ಹೆಚ್ಚು ಬಾರಿ ತೊಳೆಯಬೇಕಾಗುತ್ತದೆ.